ನೀರುನಾಯಿ ವಾಪಸು ಬರಲಿಲ್ಲ

ನನ್ನ ತಮ್ಮನಿಗೆ ಆ ಪುಸ್ತಕದ ಕೊನೆಯ ಅಧ್ಯಾಯವನ್ನು ನಾನು ಓದಿ ಹೇಳಲಿಲ್ಲ. ಓದಿದೆ ಎಂದೇ ಅವನು ನಂಬಿದ್ದ. ಪುಟದ ಮೇಲೆ ಬೆರಳಿಟ್ಟು, ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತ, ಅಲ್ಲಿ ಇಲ್ಲದ ಮಾತುಗಳನ್ನು ಓದುವವಳಂತೆ ಹೇಳಿದೆ. ಅದೊಂದು ಮಕ್ಕಳ ಕಾದಂಬರಿ. ಅಷ್ಟಕ್ಕೆ ಇಷ್ಟು ವರ್ಷ ಕೊರಗುವುದುಂಟೇ ಎಂದು ಯಾರಾದರೂ ಕೇಳಬಹುದು. ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ.

ಆಗ ನಾವು ದಟ್ಟಗಳ್ಳಿಯಲ್ಲಿ, ಕಟ್ಟುತ್ತಿದ್ದ ಒಂದು ಮನೆಯ ಮುಂದೆ ಶೀಟಿನ ಮನೆ ಹಾಕಿಕೊಂಡಿದ್ದೆವು. ಅಪ್ಪ ಆ ಕಟ್ಟಡದ ವಾಚ್‌ಮನ್. ಸಿಮೆಂಟು, ಕಬ್ಬಿಣ ಕಳುವಾಗದಂತೆ ಕಾಯುವುದು, ಹೊಸ ಗೋಡೆಗಳಿಗೆ ಬೆಳಿಗ್ಗೆ ಸಂಜೆ ನೀರು ಹೊಡೆಯುವುದು ನಮ್ಮ ಮನೆಯವರೆಲ್ಲರ ಕೆಲಸ. ಕಟ್ಟಡ ಮುಗಿದು ಗೃಹಪ್ರವೇಶವಾಗುವ ಹೊತ್ತಿಗೆ ಶೀಟು ಬಿಚ್ಚಿಕೊಂಡು ಇನ್ನೊಂದು ಸೈಟಿಗೆ ಹೋಗುತ್ತಿದ್ದೆವು. ಎಷ್ಟೋ ಮನೆಗಳು ತಳಪಾಯದಿಂದ ಮೇಲೇಳುವುದನ್ನು ನಾನು ನೋಡಿದ್ದೇನೆ. ಬಣ್ಣ ಬಳಿದ ಮೇಲೆ ಒಂದರೊಳಗೂ ಕಾಲಿಟ್ಟಿಲ್ಲ.

ಅವ್ವ ಕುವೆಂಪುನಗರದಲ್ಲಿ ಎರಡು ಮನೆಗಳಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ನಾನು ಏಳನೆಯ ತರಗತಿಗೆ ಓದು ಬಿಟ್ಟಿದ್ದೆ. ಗೋಡೆಗೆ ನೀರು ಹೊಡೆಯುವುದಕ್ಕೂ ತಮ್ಮನನ್ನು ನೋಡಿಕೊಳ್ಳುವುದಕ್ಕೂ ಒಬ್ಬರು ಬೇಕಿತ್ತು. ತಮ್ಮ ಎರಡನೆಯ ತರಗತಿಯಲ್ಲಿದ್ದ. ಸೈಟಿನಿಂದ ಸೈಟಿಗೆ ಅಲೆದು ಅವನಿಗೆ ಅಕ್ಷರ ಕೂಡಿಸಲು ಇನ್ನೂ ಬರುತ್ತಿರಲಿಲ್ಲ.

ಪುಸ್ತಕ ಬಂದದ್ದು ಅವ್ವ ಕೆಲಸ ಮಾಡುತ್ತಿದ್ದ ಮನೆಯಿಂದ, ಹಳೆ ಬಟ್ಟೆಯ ಚೀಲದ ತಳದಲ್ಲಿ. ಮುಂದಿನ ರಟ್ಟೂ ಮೊದಲ ಹಾಳೆಯೂ ಹರಿದು ಹೋಗಿದ್ದವು. ಅದರ ಹೆಸರೇನು, ಬರೆದವರು ಯಾರು ಎಂದು ನಮಗೆ ಕೊನೆಗೂ ತಿಳಿಯಲಿಲ್ಲ. ನಾವು ಅದನ್ನು ನೀರುನಾಯಿ ಪುಸ್ತಕ ಎಂದು ಕರೆಯುತ್ತಿದ್ದೆವು. ಹೊಳೆ ದಾಟಿಸುವ ಹರಿಗೋಲಿನವನ ಮೊಮ್ಮಗಳಿಗೆ ಜೊಂಡಿನಲ್ಲಿ ತಾಯಿ ಸತ್ತ ನೀರುನಾಯಿ ಮರಿ ಸಿಗುತ್ತದೆ. ಹಾಲು ಕುಡಿಸಿ, ಸಣ್ಣ ಮೀನು ತಿನ್ನಿಸಿ ಸಾಕುತ್ತಾಳೆ. ಅದು ಅವಳ ಕಂಬಳಿಯಲ್ಲೇ ಮಲಗುತ್ತದೆ. ದೊಡ್ಡದಾದ ಮೇಲೆ ಊರವರ ಬಲೆ ಹರಿದು ಮೀನು ಕದಿಯುತ್ತದೆ. ಊರವರು ಅದನ್ನು ಕೊಲ್ಲುತ್ತೇವೆ ಎನ್ನುತ್ತಾರೆ. ಮುಕ್ಕಾಲು ಪುಸ್ತಕ ಇದೇ.

ಸಂಜೆ ನೀರು ಹೊಡೆದು ಮುಗಿಸಿ, ಜಲ್ಲಿ ರಾಶಿಯ ಪಕ್ಕ ಚೀಲ ಹಾಸಿಕೊಂಡು ಓದಲು ಕೂರುತ್ತಿದ್ದೆವು. ನನ್ನ ಓದು ಬಹಳ ನಿಧಾನ. ಒತ್ತಕ್ಷರ ಬಂದಲ್ಲಿ ನಿಂತು, ಬಾಯೊಳಗೇ ಒಮ್ಮೆ ಹೇಳಿಕೊಂಡು, ಆಮೇಲೆ ಗಟ್ಟಿಯಾಗಿ ಹೇಳುತ್ತಿದ್ದೆ. ಅಪ್ಪ ಬೀಡಿ ಸೇದುತ್ತ ನಗುತ್ತಿದ್ದ.

"ಇವಳು ಓದಿ ಮುಗ್ಸೋದ್ರೊಳಗೆ ಆ ನೀರುನಾಯಿ ಮುದಿಯಾಗಿ ಹಲ್ಲು ಉದ್ರಿಸ್ಕಂಡಿರ್ತದೆ."

"ಸುಮ್ಕಿರು, ನಿಂಗಂತೂ ಅಷ್ಟೂ ಬರಲ್ಲ," ಎಂದು ಅವ್ವ ಸೊಪ್ಪು ಸೋಸುತ್ತಲೇ ಬಾಯಿ ಮುಚ್ಚಿಸುತ್ತಿದ್ದಳು.

ಅವ್ವನಿಗೆ ಒಂದು ನಿಯಮವಿತ್ತು. ಅವಳ ಊರು ನಂಜನಗೂಡಿನ ಕಡೆ. ಅಲ್ಲಿ ಅವಳ ಅಪ್ಪನ ಜಗಲಿಯ ಮೇಲೆ ಪುರಾಣ ಓದುವಾಗ ಸಾವು ಬಂದ ಕಡೆ, ಅಗಲಿಕೆ ಬಂದ ಕಡೆ ಆ ದಿನದ ಓದು ನಿಲ್ಲಿಸುತ್ತಿರಲಿಲ್ಲವಂತೆ. ಎಷ್ಟು ಹೊತ್ತಾದರೂ ಸರಿ, ಒಂದು ಮದುವೆಯೋ ಮಗು ಹುಟ್ಟಿದ್ದೋ ಬರುವ ತನಕ ಓದಿಸಿ, ಆಮೇಲೆ ಮಂಗಳಾರತಿ. "ದುಃಖದ ಕಡೆ ಪುಸ್ತಕ ಮುಚ್ಚಬಾರ್ದು ಕಣ್ ಮಗ. ಮುಚ್ಚಿದ್ರೆ ಅದು ಮನೇಲೆ ಉಳ್ಕತದೆ," ಎನ್ನುತ್ತಿದ್ದಳು. ನೀರುನಾಯಿ ಬಲೆಗೆ ಸಿಕ್ಕಿಬಿದ್ದ ಸಂಜೆ ನನ್ನ ಕಣ್ಣು ಉರಿಯುತ್ತಿದ್ದರೂ ಅದು ಬಿಡಿಸಿಕೊಂಡು ಬರುವ ತನಕ ಅವ್ವ ಬಿಡಲಿಲ್ಲ. ಪುರಾಣವಾದರೇನು, ಮಕ್ಕಳ ಕತೆಯಾದರೇನು, ಪುಸ್ತಕ ಪುಸ್ತಕವೇ.

ಕತೆ ಅರ್ಧ ಆಗಿದ್ದಾಗ ತಮ್ಮನಿಗೆ ಮುಂಗುಸಿ ಕಾಣಿಸಿತು. ಪಕ್ಕದ ಖಾಲಿ ಸೈಟಿನ ತುಂಬ ಪಾರ್ಥೇನಿಯಂ, ಎಕ್ಕದ ಗಿಡ. ಅದರೊಳಗಿಂದ ಬಂದು ನಮ್ಮ ಇಟ್ಟಿಗೆ ಸಾಲಿನ ಹತ್ತಿರ ಹಿಂಗಾಲಿನ ಮೇಲೆ ನಿಂತು ನೋಡಿ ಓಡುತ್ತಿತ್ತು. ತಮ್ಮ ಮೊಟ್ಟೆಯ ಸಿಪ್ಪೆ ಇಟ್ಟ. ಆಮೇಲೆ ಅವ್ವ ಅವನಿಗೆಂದೇ ಬೇಯಿಸುತ್ತಿದ್ದ ಮೊಟ್ಟೆಯಲ್ಲಿ ಅರ್ಧ ಉಳಿಸಿ ಇಟ್ಟ. ಹುಡುಗಿ ನೀರುನಾಯಿಯನ್ನು ಕೂಗಿ ಕರೆದಳು ಎಂದಷ್ಟೇ ಪುಸ್ತಕದಲ್ಲಿತ್ತು. ಹೇಗೆ ಕರೆದಳು ಎಂದು ಅವನು ಕೇಳಿದ್ದಕ್ಕೆ ನಾನು ನಾಲಗೆಯನ್ನು ಅಂಗುಳಕ್ಕೆ ಹಚ್ಚಿ "ಚ್ಚು ಚ್ಚು ಚ್ಚೂ" ಎಂದು ತೋರಿಸಿದ್ದೆ. ಅವನು ಹಾಗೇ ಕರೆಯತೊಡಗಿದ.

ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಮುಂಗುಸಿ ಎದುರಾದರೆ ಒಳ್ಳೆಯದು ಎಂದಳು ಅವ್ವ. ಹಾವಿನ ಕಾಟ ತಪ್ಪಿತು ಎಂದ ಅಪ್ಪ.

ಪುಸ್ತಕದಲ್ಲಿ ಒಂದೇ ಅಧ್ಯಾಯ ಉಳಿದಿದ್ದಾಗ ತಮ್ಮನಿಗೆ ಜ್ವರ ಬಂತು. ಶೀಟಿನ ಕೆಳಗಿನ ಸೆಕೆಯಲ್ಲಿ ಮಲಗಿ, ಇವತ್ತು ಕತೆ ಮುಗಿಸಬೇಕು ಎಂದು ಹಟ ಹಿಡಿದಿದ್ದ. ಸಂಜೆ ಅಷ್ಟಾಗಿ ತಡವರಿಸಬಾರದೆಂದು ನಾನು ಮಧ್ಯಾಹ್ನವೇ ಅದನ್ನು ಒಬ್ಬಳೇ ಓದಿಕೊಂಡೆ.

ಹರಿಗೋಲಿನ ತಾತ ಮೊಮ್ಮಗಳಿಗೆ ಹೇಳುತ್ತಾನೆ: ಅದಕ್ಕೆ ಮನುಷ್ಯರ ಭಯ ಇರಲಿ ಮಗಳೇ, ತಾಯಿ ಇಲ್ಲದ ಮರಿಗೆ ಭಯವೇ ತಾಯಿ, ನಿನ್ನ ಕೈಗೆ ಬರುವುದು ನಾಳೆ ಎಲ್ಲರ ಕೈಗೂ ಹೋಗುತ್ತದೆ, ಎಲ್ಲರ ಕೈಯಲ್ಲೂ ಮೀನು ಇರುವುದಿಲ್ಲ. ಇಬ್ಬರೂ ಅದನ್ನು ದೂರದ ಮಡುವಿಗೆ ಬಿಟ್ಟು ಬರುತ್ತಾರೆ. ಅದು ಹುಡುಕಿಕೊಂಡು ಬಂದು ಮನೆಯ ಮೆಟ್ಟಿಲ ಮೇಲೆ ಕೂತು ಕೂಗುತ್ತದೆ. ಹುಡುಗಿ ಬಾಗಿಲು ಹಾಕಿಕೊಂಡು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಉತ್ತರ ಕೊಡದೆ ಕೂರುತ್ತಾಳೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಮಾತ್ರ ಇರುತ್ತದೆ. ಬಿಸಿಲಿಗೆ ಅದೂ ಆರುವುದನ್ನು ಅವಳು ನಿಂತು ನೋಡುತ್ತಾಳೆ. ಅಲ್ಲಿಗೆ ಮುಗಿಯಿತು. ಮುಂದೆ ಹಿಂದಿನ ರಟ್ಟು.

ನಾನು ಅತ್ತೆ. ತಾತ ಹೇಳಿದ್ದು ಸರಿ ಎಂದು ನನಗೆ ಅರ್ಥವೂ ಆಯಿತು. ಆದರೆ ಸಂಜೆ ಇದನ್ನು ಎಲ್ಲಿ ನಿಲ್ಲಿಸುವುದು? ಮುಂದಕ್ಕೆ ಓದಲು ಪುಟವೇ ಇರಲಿಲ್ಲ. ಅವ್ವನನ್ನು ಕೇಳಿದೆ. ಅವಳು ನಿದ್ದೆಹೋಗಿದ್ದ ತಮ್ಮನ ಹಣೆಯ ಮೇಲಿನ ಒದ್ದೆ ಬಟ್ಟೆ ತಿರುವಿ ಹಾಕುತ್ತ, "ಜ್ವರ ಬಂದಿರೋ ಕೂಸು. ಒಳ್ಳೇದೇನಾರ ಸೇರಿಸಿ ಮುಗ್ಸು, ಯಾರ್ ಬಂದು ಕೇಳ್ತಾರೆ," ಎಂದಳು.

ಸೇರಿಸು ಎಂದಳೇ ಹೊರತು ತೆಗೆದುಹಾಕು ಎನ್ನಲಿಲ್ಲ. ತೆಗೆದದ್ದು ನಾನು. ತಾತನ ಮಾತು, ಮುಚ್ಚಿದ ಬಾಗಿಲು ಎಲ್ಲ ಬಿಟ್ಟೆ. ನೀರುನಾಯಿ ಒಂದು ದಿನ ಎಲ್ಲೋ ಹೋಯಿತು, ಹುಡುಗಿ ಬೇಸರ ಪಡದೆ ದಿನಾ ಮೆಟ್ಟಿಲ ಮೇಲೆ ಕೂತು ಕರೆದಳು, ಕರೆದು ಕರೆದು ಕೊನೆಗೆ ಅದು ವಾಪಸು ಬಂತು ಎಂದು ಓದಿದೆ. ಊರವರು ವಾದ್ಯ ಬಾರಿಸಿ ಅದನ್ನು ಮೆರವಣಿಗೆ ಮಾಡಿದರು, ಪ್ರತಿ ಬಲೆಯಲ್ಲೂ ಅದಕ್ಕೊಂದು ಮೀನು ಎಂದು ಗೊತ್ತುಮಾಡಿದರು ಎಂದೆ. ಒತ್ತಕ್ಷರದ ತೊಡಕಿಲ್ಲದ್ದರಿಂದ ಆ ಸಂಜೆ ನನ್ನ ಓದು ನೀರು ಹರಿದಂತೆ ಹರಿಯಿತು. ತಮ್ಮ ಎದ್ದು ಕೂತ. ಅಪ್ಪ ಬೀಡಿ ಆರಿದ್ದನ್ನೂ ನೋಡಲಿಲ್ಲ. "ಇವತ್ ಎಷ್ಟ್ ಚೆನ್ನಾಗಿ ಓದ್ದೆ ಕಣೆ," ಎಂದ. ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ ನೆನಪಿದೆ. ಆ ಹೊಗಳಿಕೆಯ ರುಚಿಗೆ, ನಾಳೆ ನಿಜ ಹೇಳಿದರಾಯಿತು ಎಂದುಕೊಂಡದ್ದನ್ನು ಮಾರನೆಯ ದಿನ ಮರೆತೆ.

ಜ್ವರ ಬಿಟ್ಟ ಮೇಲೆ ತಮ್ಮ ಕತೆಯನ್ನು ಕೆಲಸಕ್ಕೆ ಹಚ್ಚಿದ. ಬೇಸರ ಪಡದೆ ಕರೆಯಬೇಕು, ಕರೆದರೆ ಬಂದೇ ಬರುತ್ತದೆ. ಇಟ್ಟಿಗೆಯ ಮೇಲೆ ಇಡುತ್ತಿದ್ದ ಮೊಟ್ಟೆಯನ್ನು ಕಾಲ ಹತ್ತಿರ ಇಟ್ಟ, ಆಮೇಲೆ ಅಂಗೈಯಲ್ಲಿ. ಒಂದು ಸಂಜೆ ಮುಂಗುಸಿ ಅವನ ತೊಡೆಯ ಮೇಲೆ ಮುಂಗಾಲಿಟ್ಟು ತಿಂದಿತು. ಅವನು ಉಸಿರು ಬಿಗಿಹಿಡಿದು ಕಣ್ಣಿನಲ್ಲೇ ನನ್ನನ್ನು ಕರೆದು ತೋರಿಸಿದ. ತಾತನ ಮಾತು ನನ್ನ ಬಾಯಿಗೆ ಬಂತು. ಆದರೆ ಅದನ್ನು ಹೇಳಿದರೆ ಎಲ್ಲಿತ್ತು ಈ ಮಾತು ಎಂದು ಅವನು ಕೇಳುತ್ತಾನೆ. ಸುಮ್ಮನಾದೆ.

ಮುಂಗುಸಿ ಸತ್ತ ಮಧ್ಯಾಹ್ನ ಅವನು ಸ್ಕೂಲಿನಲ್ಲಿದ್ದ. ನಾನು ಮೇಲಿನ ಮಹಡಿಗೆ ನೀರು ಹೊಡೆಯುತ್ತಿದ್ದೆ. ಕೆಳಗೆ ಗಾರೆಯವರು ಊಟಕ್ಕೆ ಕೂತಿದ್ದರು. ಯಾರೋ ಕಿರುಚಿದ್ದು, ಆಮೇಲೆ ಮರದ ಪಟ್ಟಿಯ ಏಟು ಕೇಳಿತು. ಇಳಿದು ಬಂದಾಗ ಎಲ್ಲ ಮುಗಿದಿತ್ತು. ಹೊಡೆದವನು ಮಧ್ಯವಯಸ್ಸಿನ ಕೂಲಿಯವನು. ಪಟ್ಟಿ ಇನ್ನೂ ಅವನ ಕೈಯಲ್ಲೇ ಇತ್ತು.

"ಡಬ್ಬಿ ಬಿಚ್ಚಿದ್ದೆ ಕಣವ್ವ. ಸೀದಾ ಬಂದು ತೊಡೆ ಮೇಲೆ ಕಾಲಿಡ್ತು. ಯಾವ್ ಮುಂಗ್ಸಿ ಇಂಗೆ ಮನುಷ್ರ ಹತ್ರ ಬತ್ತದೆ? ಹುಚ್ಚು ಹಿಡಿದಿರೋದು, ಕಚ್ತದೆ ಅನ್ಕಂಡೆ."

ಅವನ ತಪ್ಪೇನಿತ್ತು? ಕಾಡಿನದು ಹೆದರದೆ ಹತ್ತಿರ ಬಂದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಮುಂಗುಸಿ ಕೊಂದ ಪಾಪ ಸುತ್ತಿಕೊಳ್ಳುತ್ತದೆ ಎಂದು ಅವನು ಆ ದಿನ ಊಟ ಮಾಡಲಿಲ್ಲ. ಇಬ್ಬರೂ ಸೇರಿ, ಮುಂದೆ ಕಾರು ನಿಲ್ಲುವ ಜಾಗಕ್ಕೆ ತುಂಬಿದ್ದ ಮಣ್ಣಿನಲ್ಲಿ ಅದನ್ನು ಹೂತೆವು. ಅದು ಅಷ್ಟು ಹಗುರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಆ ಮಣ್ಣಿನ ಮೇಲೆ ಕಾಂಕ್ರೀಟು ಬಿತ್ತು. ಅದಕ್ಕೆ ನೀರು ಹೊಡೆದವಳು ನಾನೇ.

ಆ ಸಂಜೆ ತಮ್ಮ ಅರ್ಧ ಮೊಟ್ಟೆ ಹಿಡಿದು ಬಹಳ ಹೊತ್ತು ಕೂತಿದ್ದ.

"ಇವತ್ ಬಂದೇ ಇಲ್ವಲ್ಲಕ್ಕ."

"ಎಲ್ಲೋ ಹೋಗಿರ್ಬೇಕು ಬುಡು."

"ಎಲ್ಗೆ?"

"ನಂಗೇನ್ ಗೊತ್ತು. ಅದ್ರ ಕಡೆಯೋರ್ ಹತ್ರ."

ಸ್ವಲ್ಪ ಯೋಚಿಸಿದ. "ನೀರುನಾಯೀನೂ ಹೋಗಿತ್ತಲ್ವಾ? ಆಮೇಲ್ ಬಂತಲ್ವಾ?"

"ಬಂತು."

"ಅಂಗಾದ್ರೆ ಇದೂ ಬತ್ತದೆ."

"ಬತ್ತದೆ ಕಣೋ," ಎಂದೆ.

ಆ ಮಧ್ಯಾಹ್ನ ಅಪ್ಪ ಸೈಟಿನಲ್ಲಿರಲಿಲ್ಲ, ಗಾರೆಯವರು ಆ ಮಾತು ಮತ್ತೆ ಎತ್ತಲಿಲ್ಲ. ಮುಂಗುಸಿ ಸತ್ತದ್ದು ಅವ್ವನಿಗೂ ಅಪ್ಪನಿಗೂ ಗೊತ್ತಾಗಲಿಲ್ಲ. ಆ ಕೂಲಿಯವನು ಬೇರೆ ಕೆಲಸಕ್ಕೆ ಹೋದ. ಮನೆಯಲ್ಲಿ ನಿಜ ಬಲ್ಲವಳು ನಾನೊಬ್ಬಳೇ ಉಳಿದೆ. ತಮ್ಮ ದಿನಾ ಕರೆದ. ಮಳೆ ಬಂದಾಗ ತಲೆಗೆ ಸಿಮೆಂಟಿನ ಚೀಲ ಹಾಕಿಕೊಂಡು ಕರೆದ. ಕಾಗೆಗಳು ಮೊಟ್ಟೆ ತಿಂದುಹೋದವು.

ಮನೆಗೆ ಬಣ್ಣವಾಯಿತು. ನಾವು ಶೀಟು ಬಿಚ್ಚುವ ದಿನ ಅವನು ಕಾಂಪೌಂಡಿಗೆ ಆತುಕೊಂಡು ನಿಂತ. "ನೀವ್ ಹೋಗಿ. ಅದು ಬಂದಾಗ ಯಾರೂ ಇಲ್ದಿದ್ರೆ?"

"ನಿನ್ ಮುಂಗ್ಸಿಗೆ ಗೋಡೆ ಮೇಲೆ ಅಡ್ರೆಸ್ ಬರ್ದು ಹೋಗನ, ನಡಿಯಲೇ," ಎಂದ ಅಪ್ಪ. ಆಟೋದವನು ನಕ್ಕ, ಅವ್ವ ನಕ್ಕಳು. ನಾನೂ ನಕ್ಕೆ. ಅಪ್ಪ ಅವನನ್ನು ಎತ್ತಿ ಪಾತ್ರೆಗಳ ನಡುವೆ ಕೂರಿಸಿದ.

ಹೊಸ ಸೈಟು ಅಷ್ಟೇನೂ ದೂರವಿರಲಿಲ್ಲ. ಅದೇ ಕೆಡುಕಾಯಿತು. ಹೊಸ ಸ್ಕೂಲಿನಿಂದ ಅವನು ಮಧ್ಯಾಹ್ನ ತಪ್ಪಿಸಿಕೊಂಡು ಹಳೆ ಮನೆಯ ಗೇಟಿಗೆ ಹೋಗಿ ಕೂರತೊಡಗಿದ. ಮನೆಯ ಯಜಮಾನಿ ಎರಡು ಸಲ ಕಳಿಸಿದರು. ಮೂರನೆಯ ಸಲ ಅಪ್ಪನಿಗೆ ಫೋನು ಮಾಡಿದರು: "ನಿಮ್ಮ ಹುಡುಗ ಗೇಟಲ್ಲಿ ಕೂತ್ಕೊಂಡು ಒಳಗಡೆ ನೋಡಿ ಚು ಚು ಅಂತಾನೆ ಕಣ್ರೀ. ಮನೆಯಲ್ಲಿ ವಯಸ್ಸಿಗೆ ಬಂದ ಹುಡುಗಿಯಿದ್ದಾಳೆ. ಏನು ಇದೆಲ್ಲ?" ಎಂಟು ವರ್ಷದ ಹುಡುಗನ ಮೇಲೆ ಆ ಮಾತು ಬಂತು. ಅಪ್ಪ ನೀರಿನ ಪೈಪಿನಲ್ಲಿ ಹೊಡೆದ. ಏಟು ಬೀಳುವಾಗ ತಮ್ಮ ನನ್ನ ಕಡೆ ನೋಡಿ, "ಅಕ್ಕ, ನೀನ್ ಹೇಳು, ಪುಸ್ತಕದಲ್ ಬಂತಲ್ವಾ, ನೀನ್ ಹೇಳು," ಎನ್ನುತ್ತಿದ್ದ. ಆಗಲಾದರೂ ಹೇಳಬಹುದಿತ್ತು. ಅಪ್ಪನ ಕೈಯಲ್ಲಿದ್ದ ಪೈಪು ನನ್ನ ಕಡೆ ತಿರುಗುತ್ತದೆ ಎಂದು ಹೆದರಿ ಗೋಡೆಯ ಕಡೆ ತಿರುಗಿ ನಿಂತೆ.

ಸ್ಕೂಲು ಅಲ್ಲಿಗೆ ಮುಗಿಯಿತು. ಹೋಗುವುದು ಅಲೆಯುವುದಕ್ಕೇ ತಾನೆ, ನೀರಾದರೂ ಹೊಡೆಯಲಿ ಎಂದ ಅಪ್ಪ. ತಮ್ಮನಿಗೆ ಓದಲು ಬರಲೇ ಇಲ್ಲ. ಬಂದಿದ್ದರೆ ಎಂದೋ ಒಂದು ದಿನ ಆ ಕೊನೆಯ ಅಧ್ಯಾಯವನ್ನು ಅವನೇ ಓದಿಕೊಳ್ಳುತ್ತಿದ್ದ. ಹಾಗೆ ನನ್ನ ಸುಳ್ಳು ತನ್ನನ್ನು ತಾನೇ ಕಾಪಾಡಿಕೊಂಡಿತು.

ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ನಾನು ಮದುವೆಯಾಗಿ ದಟ್ಟಗಳ್ಳಿಯಲ್ಲೇ ಬಾಡಿಗೆಗಿದ್ದೇನೆ, ಸೀರೆಗೆ ಕುಚ್ಚು ಕಟ್ಟುತ್ತೇನೆ. ತಮ್ಮ ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸಕ್ಕಿದ್ದಾನೆ. ಸೂಪರ್‌ವೈಸರ್ ಕಾಗದ ಕೊಟ್ಟರೆ ಪಕ್ಕದವನ ಮುಖ ನೋಡುತ್ತಾನೆ. ಕೆಲಸ ಕಾಯಂ ಆಗಲು ಹತ್ತನೆಯ ತರಗತಿ ಬೇಕಂತೆ. ಜೊತೆಗೆ ಸೇರಿದವರು ಮುಂದೆ ಹೋದರು, ಇವನು ಮೂಟೆ ಹೊರುತ್ತಲೇ ಇದ್ದಾನೆ, ಈಗಲೇ ಬೆನ್ನು ಹಿಡಿದುಕೊಳ್ಳುತ್ತದೆ. ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಭಾನುವಾರ ಅವಳನ್ನು ಕರೆದುಕೊಂಡು ನನ್ನ ಮನೆಗೆ ಬರುತ್ತಾನೆ.

ಒಂದು ಭಾನುವಾರ ಕೇಳಿದ, "ಆ ನೀರುನಾಯಿ ಪುಸ್ತಕ ಮಡಗಿದ್ದೀಯಾ ಅಕ್ಕ?"

"ಯಾಕೋ?"

"ಇವ್ಳು ಕತೆ ಕತೆ ಅಂತ ಪ್ರಾಣ ತಿಂತಾಳೆ. ನಂಗೆ ಓದಕ್ಕೆ ಬರಲ್ವಲ್ಲ. ಅದ್ರದ್ದು ಕೊನೆ ಚೆನ್ನಾಗಿತ್ತು ಕಣಕ್ಕ. ಅದ್ನೇ ಓದು ಇವ್ಳಿಗೆ."

ಪುಸ್ತಕ ಟ್ರಂಕಿನಲ್ಲಿತ್ತು. ಎಷ್ಟು ಸಲ ಶೀಟು ಬಿಚ್ಚಿದರೂ ಅದನ್ನು ನಾನು ಬಿಟ್ಟಿರಲಿಲ್ಲ. ಇಟ್ಟುಕೊಳ್ಳುವ ಧೈರ್ಯವಿತ್ತು, ಎಸೆಯುವ ಧೈರ್ಯವಿರಲಿಲ್ಲ. ವಾರಕ್ಕಿಷ್ಟು ಎಂದು ಓದಿದೆ. ತಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಬಲೆ ಹರಿಯುವ ಕಡೆ ಮಗಳಿಗಿಂತ ಮುಂಚೆ ತಾನೇ ನಗುತ್ತಿದ್ದ. ಕೊನೆಯ ಅಧ್ಯಾಯ ಹತ್ತಿರ ಬಂದಂತೆ ನನಗೆ ಅನ್ನ ಸೇರದಾಯಿತು. ಈ ಕೂಸಿಗೂ ಆ ಮೆರವಣಿಗೆಯನ್ನೇ ಹೇಳಿದರೆ ಇವಳೂ ಯಾವುದೋ ಗೇಟಿನ ಮುಂದೆ ಹೋಗಿ ಕೂರುತ್ತಾಳೆ ಎನಿಸುತ್ತಿತ್ತು.

ಆ ಭಾನುವಾರ ಇದ್ದದ್ದನ್ನು ಇದ್ದ ಹಾಗೆ ಓದಿದೆ. ತಾತನ ಮಾತು, ಮಡು, ಮುಚ್ಚಿದ ಬಾಗಿಲು.

"ಬಾಗ್ಲು ಯಾಕ್ ತೆಗೀಲಿಲ್ಲ ಅತ್ತೆ?" ಎಂದಳು ಕೂಸು.

"ತೆಗೆದ್ರೆ ಅದು ಇನ್ನೊಬ್ರ ಮನೆಗೂ ಹೋಯ್ತದೆ ಮಗ. ಅವರು ಹೊಡೀತಾರೆ."

ಒದ್ದೆ ಹೆಜ್ಜೆ ಆರಿದ್ದನ್ನು ಓದಿ, ದುಃಖದ ಕಡೆಯೇ ಪುಸ್ತಕ ಮುಚ್ಚಿದೆ. ತಮ್ಮ ಕಣ್ಣು ತೆರೆದಿದ್ದ.

"ಇದಲ್ಲ ಕಣಕ್ಕ. ಪುಟ ಬಿಟ್ಟೋಗಿರ್ಬೇಕು." ಪುಸ್ತಕ ಕಿತ್ತುಕೊಂಡು ಕೊನೆಯ ಹಾಳೆ ತಿರುವಿದ. ರಟ್ಟು. ಅದರ ಹಿಂದೆಯೂ ನೋಡಿದ. "ಮೆರವಣಿಗೆ ಎಲ್ಲಿ?"

"ಅದು ಪುಸ್ತಕದ್ದಲ್ಲ ಕಣೋ. ನಂದು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಾಯಿ ತೆರೆದ ಮೇಲೆ ನಿಲ್ಲಿಸಲು ನನಗೂ ಆಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತು, ಮರದ ಪಟ್ಟಿ, ಕೂಲಿಯವನು ಬಿಟ್ಟ ಊಟ, ಕಾರು ನಿಲ್ಲುವ ಜಾಗದ ಮಣ್ಣು ಎಲ್ಲ ಹೇಳಿದೆ. ಕೂಸು ನನ್ನ ಕುಚ್ಚಿನ ದಾರದ ಉಂಡೆಯನ್ನು ನೆಲದ ಮೇಲೆ ಉರುಳಿಸುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಬಸ್ಸು ಆ ರಸ್ತೇಲಿ ಹೋದಾಗೆಲ್ಲ ಆ ಕಾಂಪೌಂಡ್ ನೋಡ್ತೀನಿ ಕಣಕ್ಕ," ಎಂದ. "ಬರಲ್ಲ ಅಂತ ಗೊತ್ತು. ಮುಂಗ್ಸಿ ಅಷ್ಟ್ ವರ್ಷ ಬದುಕ್ತದಾ? ಆದ್ರೂ ಕತ್ತು ಆ ಕಡೆಗೇ ತಿರುಗ್ತದೆ. ಇನ್ಮೇಲೆ ಅದೂ ಬೇಕಾಗಿಲ್ಲ ಅನ್ನು."

ದಾರದ ಉಂಡೆ ಅವನ ಕಾಲ ಹತ್ತಿರ ಉರುಳಿ ಬಂತು, ಎತ್ತಿ ಮಗಳಿಗೆ ಕೊಟ್ಟ.

"ಅವತ್ತೇ ಹೇಳಿದ್ರೆ ಅಳ್ತಿದ್ದೆ. ಅಷ್ಟೆ. ಒಂದಿನ ಅತ್ತು ಸುಮ್ನಾಯ್ತಿದ್ದೆ."

ಎದ್ದು ಮಗಳಿಗೆ ಚಪ್ಪಲಿ ಹಾಕಿದ. ಪುಸ್ತಕವನ್ನು ಚಾಪೆಯ ಮೇಲೆ ಬಿಟ್ಟ. ನಮ್ಮಲ್ಲಿ ಹಿರಿಯಕ್ಕ ತಮ್ಮನ ಮುಂದೆ ತಪ್ಪು ಒಪ್ಪಿಕೊಳ್ಳುವ ರೂಢಿಯಿಲ್ಲ. ಜಗಳವಾದರೆ ಮಾರನೆಯ ದಿನ ತಟ್ಟೆಗೆ ಒಂದು ಮುದ್ದೆ ಹೆಚ್ಚು ಹಾಕುತ್ತೇವೆ, ಅಲ್ಲಿಗಾಯಿತು. ಅವನು ಹೊಸ್ತಿಲು ದಾಟಿ ಕೂಸನ್ನು ಸೊಂಟಕ್ಕೆ ಎತ್ತಿಕೊಳ್ಳುವಾಗ ನಾನು ಬಾಗಿಲಿಗೆ ಬಂದೆ. ಅವನು ತಿರುಗಲಿಲ್ಲ. ಅವನ ಬೆನ್ನಿಗೇ, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಹೇಳಿದೆ:

"ತಪ್ಪಾಯ್ತು ಕಣೋ. ಅವತ್ತು ಓದ್ಬೇಕಾಗಿತ್ತು, ಓದ್ಲಿಲ್ಲ. ನೀನು ಏಟು ತಿನ್ನೋವಾಗ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ನಂದೇ ತಪ್ಪು ಕಣಪ್ಪ. ತಪ್ಪಾಯ್ತು."